ಇಂಜಿನ್‌ಗೆ ಪೌಡರ್

ಪೌಡರಿನ ವಾಸನೆ ಬಂದರೆ ಇಂದಿಗೂ ನನಗೆ ಗುಬ್ಬಿಯ ನಮ್ಮ ಅಂಗಳದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ತೀರಿಕೊಂಡ ತಾತನ ಅಂಬಾಸಿಡರ್ ಕಾರಿನಿಂದ ಆಯಿಲ್ ಸೋರುತ್ತಿತ್ತು. ಎಲ್ಲಿಂದ ಎಂದು ಯಾರಿಗೂ ತಿಳಿಯದೆ, ಅಪ್ಪ ಅದನ್ನು ಗುಜರಿಗೆ ಹಾಕಲು ಹೊರಟಿದ್ದರು. ತುಮಕೂರಿನಿಂದ ಬಂದ ಮೆಕ್ಯಾನಿಕ್ ಬಾಷಾ ಸಾಬರು ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಅಜ್ಜಿಯತ್ತ ತಿರುಗಿ, "ಅಮ್ಮಾ, ಮುಖದ ಪೌಡರ್ ಇದ್ರೆ ಕೊಡಿ, ಸೋರೋ ಜಾಗ ಅದೇ ತೋರಿಸ್ತದೆ" ಅಂದರು.

ತಾತ ಹೋದಮೇಲೆ ಮುಟ್ಟದಿದ್ದ ಡಬ್ಬಿಯನ್ನು ಅಜ್ಜಿ ಪೆಟ್ಟಿಗೆಯಿಂದ ತಂದು, ತಾವೇ ಇಂಜಿನ್ ತುಂಬ ಉದುರಿಸಿದರು. ಕಾರು ಸ್ಟಾರ್ಟ್ ಆಯಿತು. ಎಲ್ಲರೂ ಬಗ್ಗಿ ಕೆಳಗೆ ನೋಡುತ್ತಿದ್ದಾಗ ಅಜ್ಜಿ ಅಪ್ಪನಿಗೆ, "ಇಲ್ಲಿ ನೋಡ್ಲಾ, ಈ ಮುಚ್ಚಳದ ಹಿಂದೆ ಬೆವರ್ತಾ ಐತೆ" ಅಂದರು. ಬಿಳಿಯ ಮೇಲೆ ಕಪ್ಪು ಗೆರೆಯೊಂದು ಇಳಿಯುತ್ತಿತ್ತು.

ಸಾಬರು ನಗುತ್ತಾ ಮುಚ್ಚಳದಡಿಯ ಸವೆದ ಪ್ಯಾಕಿಂಗ್ ಪಟ್ಟಿ ಬದಲಾಯಿಸಿದರು. ಅಜ್ಜಿ ಮುಂದಿನ ಸೀಟಿನಲ್ಲಿ ಕೂತು ಅಪ್ಪನಿಗೆ, "ದೇವರಾಯನದುರ್ಗದ ಬೆಟ್ಟದ ಕಡೆ ಬುಡಪ್ಪ" ಅಂದರು.