ಮೌನಪ್ಪನ ಉದ್ದನೆ ಕೈ

“ಕೀಲು ಸಡ್ಲಾಗಿ ಅಲ್ಲಾಡಾಕತ್ತಿತ್ತು. ಮುರದು ಹೋದೀತಂತ ಅಡ್ಡಪಟ್ಟಿ ಹೊಡದೀನಿ,” ಎಂದಳು ಗೋಪಮ್ಮ. ಮಗಳು ವೆಂಕಮ್ಮನ ಕೈಯಲ್ಲಿದ್ದದ್ದು ಎಪ್ಪತ್ತೆಂಟನೇ ಇಸವಿಯಲ್ಲಿ ಅಪ್ಪ ಬಿದಿರುಪಟ್ಟಿಗಳನ್ನು ಕತ್ತರಿಯಂತೆ ಕೂಡಿಸಿ ಮಾಡಿದ್ದ ಆಟದ ಕೈ. ಹಿಡಿ ಅದುಮಿದರೆ ಅದರ ಚೌಕಗಳೆಲ್ಲ ಒಮ್ಮೆಗೇ ಸಪೂರವಾಗಿ, ಕೈ ಎರಡು ಮಾರು ದೂರಕ್ಕೆ ಚಾಚಿಕೊಳ್ಳುತ್ತಿತ್ತು. ಈಗ ಒಂದು ಚೌಕಕ್ಕೆ ಮೂಲೆಯಿಂದ ಮೂಲೆಗೆ ಪಟ್ಟಿ ಬಿದ್ದು, ಇಡೀ ಕೈ ಸೆಟೆದುಕೊಂಡಿತ್ತು.

“ಬಾಗಲಕ್ಕ ಹೊಡದಂಗ ಇದಕ್ಕೂ ಹೊಡೀತಾರೇನ್ ಯವ್ವಾ? ಅಲ್ಲಾಡೋದ ಇದರ ಜೀವ! ಅಪ್ಪ ಹೋಗಿ ವರ್ಷ ಆಗಿಲ್ಲ, ಅವನ ಕೈ ಕೆಡಿಸಿಟ್ಟಿ.” ಮಾನ್ವಿಯ ಅಕ್ಕಿ ಗಿರಣಿಗಳಿಗೆ ಬಾಗಿಲು ಮಾಡುತ್ತಿದ್ದ ಬಡಗಿ ಮೌನಪ್ಪನ ಜೊತೆ ಮೂವತ್ತು ವರ್ಷ ಬಾಳಿದವಳು ಗೋಪಮ್ಮ, ಅಲುಗುವ ಚೌಕಟ್ಟಿಗೆ ಅಡ್ಡಪಟ್ಟಿಯೇ ಮದ್ದು ಎಂದು ಅವನಿಂದಲೇ ಕಲಿತಿದ್ದಳು. ಅವಳು ಎದ್ದು ಹೋಗಿ, ಹೊಸ್ತಿಲ ಮೇಲೆ ಬೆನ್ನು ತಿರುಗಿಸಿ ಕೂತಳು.

ವೆಂಕಮ್ಮನಿಗೆ ತಾನಾಡಿದ ಮಾತು ತನಗೇ ಚುಚ್ಚಿತು. ಅಪ್ಪನ ಇಕ್ಕಳ ತಂದು ಎರಡೂ ಮೊಳೆ ಕಿತ್ತಳು. ಪಟ್ಟಿ ಕಳಚುತ್ತಲೇ ಕೈ ಸಡಿಲವಾಯಿತು. ಅವ್ವ ಹೀಗೆ ಮುನಿಸಿಕೊಂಡಾಗಲೆಲ್ಲ ಅಪ್ಪ ಮಂಚದ ಮೇಲೆ ಕೂತಲ್ಲಿಂದಲೇ ಈ ಕೈ ಚಾಚಿ ಅವಳ ಹೆಗಲು ತಟ್ಟುತ್ತಿದ್ದದ್ದು ನೆನಪಾಗಿ, ಅದೇ ಮಂಚದ ಮೇಲೆ ಕೂತು ಹಿಡಿ ಅದುಮಿದಳು. ಚೌಕಗಳು ಟಕಟಕನೆ ಪಡಸಾಲೆ ದಾಟಿದವು. ತುದಿಗೆ ಸುತ್ತಿದ್ದ ಅರಿವೆಯ ಉಂಡೆ ಗೋಪಮ್ಮನ ಹೆಗಲಿಗೆ ತಾಕಿತು.

ಗೋಪಮ್ಮ ತಿರುಗಿ ನೋಡಲಿಲ್ಲ. ಸೆರಗು ಸರಿಮಾಡಿಕೊಂಡು, ಗಂಡನಿಗೆ ಹೇಳುತ್ತಿದ್ದ ಹಾಗೆಯೇ ಮೆಲ್ಲಗೆ ಅಂದಳು: “ಸಾಕು ಬಿಡ್ರಿ. ಸಿಟ್ಟು ಹೋತು. ರೊಟ್ಟಿ ಆರತಾವ, ಉಣ್ಣಾಕ ಏಳ್ರಿ.”