ಮರಳಿಲ್ಲದ ಬೆಂಚು

ಉಕ್ಕಿನ ಕಾರ್ಖಾನೆಯ ಗೇಟಿನೆದುರಿನ ಬಸ್ ನಿಲ್ದಾಣದಲ್ಲಿ ಕಾಂಕ್ರೀಟು ಬೆಂಚು ಹಾಕಿಸಿದ ಎಂಜಿನಿಯರಿಗೆ, ದಿನಾ ಸಂಜೆ ಅಲ್ಲಿ ಒಬ್ಬಳೇ ಬಂದು ಕೂರುವ ಮುದುಕಿಯನ್ನು ಕಂಡರೆ ಕನಿಕರವಾಗುತ್ತಿತ್ತು. ಬಸ್ಸು ಬಂದರೂ ಅವಳು ಹತ್ತುತ್ತಿರಲಿಲ್ಲ. ಅಂದು ಅವನು ಹತ್ತಿರ ಹೋಗಿ ಕೇಳಿಯೇಬಿಟ್ಟ.

“ಯಾರಿಗೆ ಕಾಯ್ತಿದ್ದೀರಮ್ಮ?”

“ಯಾರಿಗೂ ಇಲ್ಲಪ್ಪ. ಈ ಬೆಂಚಿಗೆ ಮರಳೇ ಹಾಕಿಲ್ವಂತೆ?”

ಅವನಿಗೆ ಹಿಗ್ಗಾಯಿತು. “ಇಲ್ಲ. ಕಬ್ಬಿಣ ಕರಗಿಸಿದಾಗ ಉಳಿಯೋ ಕಿಟ್ಟಾನೇ ಪುಡಿ ಮಾಡಿ ಹಾಕಿದ್ದೀವಿ. ನೂರು ವರ್ಷ ಆದ್ರೂ ಜಗ್ಗಲ್ಲ.”

“ಕಾರ್ಖಾನೆ ಹಿಂದಿರೋ ಆ ಹಳೇ ಗುಡ್ಡೆಯ ಕಿಟ್ಟ ತಾನೆ?”

“ಹೌದು. ಯಾಕೆ?”

ಅವಳು ತನ್ನ ಪಕ್ಕದ ಖಾಲಿ ಜಾಗವನ್ನು ಮೆಲ್ಲಗೆ ಸವರಿದಳು.

“ನಮ್ಮನೆಯವರು ಫರ್ನೇಸಿಗೆ ಜಾರಿ ಬಿದ್ದಾಗ ಮಣ್ಣು ಮಾಡೋಕೆ ಏನೂ ಸಿಗಲಿಲ್ಲ. ಅವತ್ತು ಕರಗಿದ್ದನ್ನೆಲ್ಲ ಆ ಗುಡ್ಡೆಗೇ ಸುರಿದಿದ್ರು.”