ರುಚಿ ನೋಡಿದ್ದಷ್ಟೇ

"ಬಿಸಿ ಇದೆಯೇನೋ, ತಡಿ," ಎಂದು ಅಪ್ಪ ಬಟ್ಟಲಿಗೆ ಚಮಚ ಹಾಕಿದ. ಸೇಬು ಬೇಯಿಸಿ, ಹಿಸುಕಿ, ಜರಡಿಯಲ್ಲಿ ಸೋಸಿ ಅಮ್ಮನ ಕೈ ಸೋತಿತ್ತು. ಹಾಲು ಬಿಟ್ಟು ಬೇರೇನು ಕೊಟ್ಟರೂ ಪುಟ್ಟಿ ತುಟಿ ಬಿಗಿಹಿಡಿದು ಮುಖ ತಿರುಗಿಸುತ್ತಿದ್ದಳು.

"ಹುಳಿ ಇದ್ರೆ ಮಗು ಮುಟ್ಟಲ್ಲ," ಎಂದು ಅಜ್ಜಿ ಒಂದು ಚಮಚ ತೆಗೆದರು. "ಬೀಜಗೀಜ ಉಳಿದಿದ್ರೆ?" ಎಂದು ತಾತ ಎರಡು ಚಮಚ ಪರೀಕ್ಷಿಸಿದರು. ಅಪ್ಪನಿಗೆ ಮತ್ತೆ ಬಿಸಿಯ ಅನುಮಾನ ಬಂತು.

"ಸಾಕು ನಿಲ್ಸಿ! ಮಗು ಹೆಸರಲ್ಲಿ ಎಲ್ಲಾ ನೀವೇ ನುಂಗಿದ್ರಲ್ಲ!" ಅಮ್ಮ ಬಟ್ಟಲು ಕಿತ್ತುಕೊಂಡಳು. ತಳ ಕಾಣುತ್ತಿತ್ತು.

ಮೂವರೂ ಪೆಚ್ಚಾಗಿ ಪುಟ್ಟಿಯತ್ತ ನೋಡಿದರು. ಅಷ್ಟೂ ಹೊತ್ತು ಒಂದೊಂದು ಚಮಚದ ಹಿಂದೆಯೂ ಕಣ್ಣೋಡಿಸಿ ಸಾಕಾಗಿದ್ದ ಅವಳು, ಗುಬ್ಬಿಮರಿಯಂತೆ ಬಾಯಿ ತೆರೆದು ಕಾಯುತ್ತಿದ್ದಳು. ಅಮ್ಮ ಬೆರಳಿನಿಂದ ಬಟ್ಟಲಿನ ತಳ ಬಳಿದಳು.